ಮೀನು ಹಿಡಿದ ಕೈ

ಮರದ ಡಿಪೋ ಮಾಲೀಕರ ಮಗಳು ಬೂಟಿನ ಡಬ್ಬಿಯನ್ನು ಸ್ಟುಡಿಯೋದ ಮೇಜಿನ ಮೇಲೆ ಬೋರಲು ಹಾಕಿದಳು. ಡೇರೆ, ಕೆರೆ, ದೋಣಿ, ಗಾಳದ ಕೋಲು. ಕಾಡಿನಲ್ಲಿ ಕಳೆದ ಹತ್ತು ಬೇಸಿಗೆಗಳು ಫೋಟೋಗಳಾಗಿ ಉದುರಿದವು.

"ಅಪ್ಪನಿಗೆ ಎಪ್ಪತ್ತು ತುಂಬ್ತಿದೆ, ಆಲ್ಬಮ್ ಮಾಡ್ಕೊಡಿ. ಮನೆಯವರು, ಸ್ನೇಹಿತರು ಅಷ್ಟೇ ಇರಲಿ. ಈ ಡ್ರೈವರು ಗಿವರು ಎಲ್ಲ ತೆಗೆದುಬಿಡಿ."

"ತೆಗೆಯೋದಕ್ಕೆ ನಮ್ಮ ರೀಟಚ್ಚಮ್ಮನೇ ಸರಿ," ಎಂದ ಸ್ಟುಡಿಯೋದವನು. "ಮದುವೆ ಫೋಟೋದಿಂದ ಬೀಗರನ್ನೇ ಎಬ್ಬಿಸಿ ಕಳಿಸಿದಾಳೆ!"

ಫೋಟೋ ತಿದ್ದುವ ರೀಟಚ್ಚಮ್ಮ ನಗಲಿಲ್ಲ. ಅವಳ ಬೆರಳಡಿಯ ಚಿತ್ರದಲ್ಲಿ ಆ 'ಡ್ರೈವರು ಗಿವರು' ನಗುತ್ತಿದ್ದ. ಅವಳಪ್ಪ. ಸತ್ತು ಆರು ವರ್ಷ. ಮೊಣಕಾಲೂರಿ, ಆಗ ಎಂಟು ವರ್ಷದವಳಿದ್ದ ಈ ಸಾಹುಕಾರರ ಮಗಳ ಹೆಗಲು ಬಳಸಿ, ತೋಳುದ್ದದ ಮೀನೊಂದನ್ನು ಎತ್ತಿ ಹಿಡಿದಿದ್ದ. ಮನೆಯಲ್ಲಿ ಆ ಹಲ್ಲುಗಳನ್ನು ಇವಳು ನೋಡಿದ್ದು ಅವನಿಗೆ ಹಲ್ಲುನೋವು ಬಂದಾಗ ಮಾತ್ರ.

"ಇದು ಯಾರು?" ಎಂದಳು, ಗೊತ್ತಿಲ್ಲದವಳಂತೆ.

"ಓ, ಜೀಪಣ್ಣ! ನಂಗೆ ಗಾಳ ಹಾಕೋದು ಕಲಿಸಿದ್ದೇ ಅವನು. ಎಷ್ಟು ಚೆನ್ನಾಗಿ ಹಾಡ್ತಿದ್ದ ಗೊತ್ತಾ? ಕೇಳ್ತಾ ಕೇಳ್ತಾ ಅವನ ತೊಡೆ ಮೇಲೇ ನಿದ್ದೆ ಹೋಗ್ತಿದ್ದೆ."

ಹಾಡು! ಅಪ್ಪ ಹಾಡಿದ್ದನ್ನು ರೀಟಚ್ಚಮ್ಮ ಒಮ್ಮೆಯೂ ಕೇಳಿರಲಿಲ್ಲ. ಪ್ರತಿ ಬೇಸಿಗೆ ರಜೆಯಲ್ಲೂ ಹದಿನೈದು ದಿನ ಅಪ್ಪ ಮಾಯ. ನಾನೂ ಬರ್ತೀನಪ್ಪಾ ಎಂದರೆ, "ಮುಂದಿನ ಸಲ, ಮಗಾ." ವಾಪಸು ಬಂದವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವ್ವ ಗೊಣಗುತ್ತಿದ್ದಳು. ಡಿಪೋದವರು ಸಂಬಳ ಕೊಟ್ಟು ಕೊಂಡದ್ದು ಅವನ ರಟ್ಟೆಯನ್ನಷ್ಟೇ ಎಂದು ಇವಳು ಇಷ್ಟು ದಿನ ನಂಬಿದ್ದಳು. ನಗು, ಹಾಡು, ತೊಡೆ, ಎಲ್ಲವನ್ನೂ ಅದೇ ಸಂಬಳದಲ್ಲಿ ಬಾಚಿಕೊಂಡಿದ್ದರು. ಇವಳ ಪಾಲಿಗೆ ಬಿಟ್ಟದ್ದು ಬೆನ್ನು.

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು, ಹೇಳಿದಂತೆ ಅಪ್ಪನನ್ನು ಅಳಿಸಿದಳು. ಮೀನು ಗಾಳಿಯಲ್ಲಿ ನೇತಾಡಿತು! ಭಾರ ಹೊತ್ತದ್ದು ಅವನ ಮುಷ್ಟಿ. ಹುಡುಗಿಯ ಬೆರಳು ಬರೀ ಬಾಲ ಸವರುತ್ತಿತ್ತು. ಅವನನ್ನು ಮರಳಿ ತಂದು, ಈ ಸಲ ಹುಡುಗಿಯನ್ನು ಅಳಿಸಿದಳು. ಮೀನು ಅಲುಗಲಿಲ್ಲ. ಅಪ್ಪನ ನಗು ಮಾತ್ರ ಖಾಲಿ ಜಾಗವನ್ನು ನೋಡುತ್ತಿತ್ತು.

ಆ ಜಾಗಕ್ಕೆ ತನ್ನದೇ ಶಾಲೆಯ ಫೋಟೋ ತಂದಳು. ಎಂಟು ವರ್ಷ, ಬಿಗಿದ ಎರಡು ಜಡೆ, ಕ್ಯಾಮೆರಾಕ್ಕೆ ಹೆದರಿದ ಕಣ್ಣು. ಅಪ್ಪನ ಕಡೆ ನೋಡುವ ತನ್ನ ಫೋಟೋ ಎಲ್ಲಿ ಹುಡುಕಿದರೂ ಒಂದೂ ಸಿಗಲಿಲ್ಲ. ಇದ್ದದ್ದನ್ನೇ ಕೂರಿಸಿ ಪ್ರಿಂಟಿಗೆ ಕಳಿಸಿದಳು.

ವಾರ ಕಳೆದು ಆಲ್ಬಮ್ ಒಯ್ಯಲು ಬಂದ ಡಿಪೋದ ಮಗಳ ಕೈ ಆ ಪುಟದಲ್ಲಿ ನಿಂತಿತು.

"ಏನ್ರೀ ಇದು? ಯಾರಿದು? ನಾನೆಲ್ಲಿ?"

"ಮನೆಯವರು ಅಷ್ಟೇ ಇರಲಿ ಅಂದ್ರಲ್ಲ ಮೇಡಂ. ಇವರು ನಮ್ಮಪ್ಪ. ಇದು ನಾನು."

ಸ್ಟುಡಿಯೋದವನು ಆಲ್ಬಮ್ಮಿನ ಮೇಲೆ ಬಗ್ಗಿ ನೋಡಿದ.

"ಜೀಪಣ್ಣನಿಗೆ ಮಗಳಿದ್ದಳಾ?" ಡಿಪೋದ ಮಗಳ ದನಿ ಇಳಿಯಿತು. "ಅಷ್ಟು ವರ್ಷದಲ್ಲಿ ಒಂದು ದಿನಾನೂ ಹೇಳ್ಲಿಲ್ಲ."

ಬೈಗುಳಕ್ಕೆಲ್ಲ ರೀಟಚ್ಚಮ್ಮ ಉತ್ತರ ಹೊಂದಿಸಿಕೊಂಡಿದ್ದಳು. ಈ ಮಾತನ್ನು ನಿರೀಕ್ಷಿಸಿರಲಿಲ್ಲ. ತಿರುಗಿ ಕೇಳಿದಳು:

"ನೀವು ಕೇಳಿದ್ರಾ?"

ಡಿಪೋದ ಮಗಳು ಆಲ್ಬಮ್ಮಿನ ಮೇಲಿಂದ ಕೈ ತೆಗೆದಳು. ರೀಟಚ್ಚಮ್ಮ ಆ ಪುಟವನ್ನು ಬಿಚ್ಚಿ ಎದೆಗವಚಿಕೊಂಡಳು.

"ಇದು ನಂದು. ನಿಮ್ಮದು ಬೇರೆ ಹಾಕ್ಕೊಡ್ತೀನಿ, ನೀವೊಬ್ಬರೇ ಇರೋದು. ಮೀನು ಬರಲ್ಲ."