ಬಾಯಿಮಾತಿನ ಹಾಜರಿ

ಸಮುದ್ರದ ಪ್ರವಾಸ ಮುಗಿಸಿ ಸಿಂಧನೂರಿಗೆ ಮರಳಿದ ಮೇಲೆ ನನ್ನ ಗಂಡ ಎಣಿಸುವುದನ್ನು ಬಿಟ್ಟುಬಿಟ್ಟರು.

ಬೇರೆ ಮನೆಗಳಲ್ಲಿ ಇದೊಂದು ಸಂಗತಿಯೇ ಅಲ್ಲ. ಆದರೆ ಇವರು ಬುಟ್ಟಿಯ ಮುಚ್ಚಳ ತೆಗೆದು “ರೊಟ್ಟಿ ಹನ್ನೊಂದು ಅದಾವ” ಎಂದು ಹೇಳಿಯೇ ಊಟಕ್ಕೆ ಕೂರುವವರು. ಮದುವೆಮನೆಗೆ ಹೋದರೆ ಪಂಕ್ತಿ ಎಣಿಸುವವರು. ಅಂಥವರು ಈಗ ಬಾಗಿಲು ಹಾಕಿ ಬಂದು “ನೀ ಒಮ್ಮೆ ನೋಡು, ಚಿಲಕ ಹಾಕೀನೇನು” ಎಂದು ನನ್ನನ್ನು ಕೇಳುತ್ತಿದ್ದರು. ಸೋಮವಾರದ ದಾಸೋಹಕ್ಕೆ ಮಠದಲ್ಲಿ ತಟ್ಟೆ ಎಣಿಸಿ ಕೊಡುವ ಕೆಲಸ ಇವರದಾಗಿತ್ತು. ಅದನ್ನೂ ಒಪ್ಪಿಸಿ ಬಂದರು. “ಬ್ಯಾರೆಯವ್ರಿಗೆ ಹೇಳ್ರಿ, ನನ್ನ ತಲಿ ನೆಟ್ಟಗಿಲ್ಲ” ಎಂದರಂತೆ.

ಆ ಮಾತು ಅವರದಲ್ಲ, ನನ್ನದು. ಬೋಟಿನಲ್ಲಿ ಮೂವತ್ತು ಜನರ ಎದುರು ನಾನು ಆಡಿದ್ದು.

ಇವರ ಹೆಸರು ಅಮರಗುಂಡಪ್ಪ. ಹಟ್ಟಿಯ ಗಣಿಯ ಲ್ಯಾಂಪ್ ರೂಮಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ, ಕಂಪನಿಯ ಮನೆ ಬಿಟ್ಟುಕೊಟ್ಟು, ಈಗ ಎರಡು ವರ್ಷದಿಂದ ಸಿಂಧನೂರಿನಲ್ಲಿದ್ದೇವೆ. ಪಾಳಿಗೆ ಕೆಳಗಿಳಿಯುವ ಪ್ರತಿಯೊಬ್ಬನಿಗೂ ದೀಪ ಕೊಟ್ಟು ಅವನ ನಂಬರಿನ ಬಿಲ್ಲೆ ತೆಗೆದಿಟ್ಟುಕೊಳ್ಳುವುದು, ಅವನು ಮೇಲೆ ಬಂದಾಗ ದೀಪ ಇಸಿದುಕೊಂಡು ಆ ಬಿಲ್ಲೆಯನ್ನು ಮತ್ತೆ ಅದರ ಮೊಳೆಗೆ ತೂಗುಹಾಕುವುದು. ಇದು ಇವರ ಕೆಲಸವಾಗಿತ್ತು. ಗೆಳೆಯನ ದೀಪವನ್ನು ಇನ್ನೊಬ್ಬ ತಂದುಕೊಟ್ಟರೆ ಇವರು ಮುಟ್ಟುತ್ತಿರಲಿಲ್ಲ. “ಹಿಂದ ಬರಾಕತ್ತಾನಣ್ಣ” ಎಂದರೆ “ಬರಲಿ, ಮಾರಿ ತೋರಿಸಲಿ” ಎನ್ನುತ್ತಿದ್ದರು. ಬಾಯಿಮಾತಿನ ಹಾಜರಿ ಇವರ ಹತ್ತಿರ ನಡೆಯುತ್ತಿರಲಿಲ್ಲ.

ಪ್ರವಾಸ ನಿಜಕ್ಕೂ ಬಂದದ್ದು ನನ್ನ ಮೈದುನ ಗುರುಬಸವನಿಗೆ. ಅವನದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ವರ್ಷಕ್ಕೊಮ್ಮೆ ಗಂಡಹೆಂಡತಿ ಜೋಡಿಯಾಗಿ ತಿರುಗಾಡಲು ಕಳಿಸುತ್ತಾರೆ. ಈ ಸಲ ಕಾರವಾರದಿಂದ ಕೊಚ್ಚಿಯವರೆಗೆ ಬೋಟು, ನಾಲ್ಕು ದಿನ. ಆದರೆ ಎರಡನೇ ಬೆಳೆಯ ನಾಟಿಯ ಹೊತ್ತು, ಅಂಗಡಿ ಬಿಟ್ಟು ಕದಲುವ ಹಾಗಿರಲಿಲ್ಲ.

“ಅಣ್ಣಾ, ವೈನೀನ ಕರ್ಕೊಂಡು ನೀ ಹೋಗು. ಕಾಲುವಿ ಬಿಟ್ರ ಬ್ಯಾರೆ ನೀರು ನೋಡಿಲ್ಲ ನೀವಿಬ್ರು” ಎಂದ ಗುರುಬಸವ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಂಗಡಿಯವರು ಹದಿನೇಳು ಜೋಡಿ, ಮೂವತ್ನಾಲ್ಕು ಜನ. ಕಂಪನಿಯ ಪರವಾಗಿ ಪವನ ಎಂಬ ಮ್ಯಾನೇಜರ್ ಪಟ್ಟಿ ಹಿಡಿದು ಓಡಾಡುತ್ತಿದ್ದ. ಇವರಿಗೆ ಮೊಣಕಾಲು ನೋವು, ಊರು ಬಂದರೂ ಇಳಿಯುತ್ತಿರಲಿಲ್ಲ. ದಡಕ್ಕೆ ಹಾಕುವ ಹಲಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಒಬ್ಬೊಬ್ಬರು ಇಳಿದಾಗಲೂ ಒಂದೊಂದು ಶೇಂಗಾ ಬಲಗಡೆಯ ಜೇಬಿನಿಂದ ಎಡಗಡೆಗೆ ಹಾಕುವರು. ಹತ್ತುವಾಗ ಎಡದಿಂದ ಬಲಕ್ಕೆ.

“ಅಣ್ಣಾರ, ಇದು ಗಣಿ ಅಲ್ರಿ, ಯಾರೂ ಒಳಗ ಉಳಿಯಂಗಿಲ್ಲ” ಎಂದು ಲಿಂಗಸುಗೂರಿನವರೊಬ್ಬರು ಚೇಷ್ಟೆ ಮಾಡಿದರು.

“ಗಣ್ಯಾಗರ ನೆಲ ಇರ್ತದೋ ತಮ್ಮ” ಎಂದರು ಇವರು. ಎಲ್ಲರೂ ನಕ್ಕರು. ಆಗ ಇವರೂ ಖುಷಿಯಲ್ಲೇ ಇದ್ದರು.

ನಮ್ಮ ಪಕ್ಕದ ಕ್ಯಾಬಿನ್ನಿನಲ್ಲಿ ಮಸ್ಕಿಯ ಶಿವಕಾಂತ ಮತ್ತು ಅವನ ಹೆಂಡತಿ ಅಶ್ವಿನಿ. ಅವಳಿಗೆ ಮೂವತ್ತರ ಒಳಗೇ ವಯಸ್ಸು, ತವರು ಬಳಗಾನೂರು. ಶಿವಕಾಂತ ಮೆಲುಮಾತಿನವನು. ಎಲ್ಲರಿಗೂ ತಾನೇ ಚಹಾ ತಂದುಕೊಡುವನು. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಆದರೆ ಅಶ್ವಿನಿ ತಟ್ಟೆ ಎತ್ತಿಕೊಳ್ಳುವ ಮುಂಚೆ ಅವನ ಮುಖ ನೋಡುವಳು. ಬೆವರಿಳಿಯುವ ಆ ಧಗೆಯಲ್ಲೂ ಮುಂಗೈವರೆಗೆ ತೋಳಿದ್ದ ಕುಪ್ಪಸ. ಎರಡನೆಯ ದಿನ ನಲ್ಲಿಯ ಹತ್ತಿರ ಅವಳು ತೋಳು ಮೇಲೆ ಸರಿಸಿದಾಗ ಅಲ್ಲಿನ ಬಾಸುಂಡೆಗಳನ್ನು ನಾನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು.

ಮರುದಿನ ಮುಂಜಾನೆ, ಬೋಟು ಮಂಗಳೂರು ಮುಟ್ಟುವ ಮುಂಚೆ, ಬಟ್ಟೆ ಒಣಹಾಕುವ ನೆಪದಲ್ಲಿ ನನ್ನ ಹತ್ತಿರ ಬಂದಳು.

“ಅಕ್ಕಾರ, ಮಂಗಳೂರಾಗ ನಮ್ಮ ದೊಡ್ಡಮ್ಮನ ಮಗಳು ನರ್ಸ್ ಅದಾಳ. ಎಲ್ಲರೂ ಇಳದ ಮ್ಯಾಲ ಕಡೀಕ ನಾ ಇಳದು ಹೋಗಿಬಿಡ್ತೀನಿ. ಬೋಟು ಬಿಡೂತನ ಯಾರಿಗೂ ಗೊತ್ತಾಗಬಾರದು. ಕೇಳಿದ್ರ ಮಲಗ್ಯಾಳ, ನಾ ನೋಡೀನಿ ಅನ್ರಿ.”

“ಅಂವ ಕೇಳಿದ್ರ?”

“ಅವ್ರಿಗೂ ಅಷ್ಟ ಹೇಳ್ರಿ. ನಿಮ್ಮ ಯಜಮಾನ್ರಿಗೂ ಹೇಳಬ್ಯಾಡ್ರಿ. ಅವ್ರು ಎಣಸ್ತಾರ, ಅವ್ರ ಕಣ್ಣು ತಪ್ಪಿಸಿ ಇಳೀತೀನಿ.”

ನನ್ನ ಫೋನ್ ನಂಬರನ್ನು ಮಾತ್ರೆಯ ಚೀಟಿಯ ಹಿಂದೆ ಬರೆದುಕೊಂಡಳು. ಎರಡು ದಿನದಲ್ಲಿ ಮಾತಾಡುತ್ತೇನೆ ಎಂದಳು.

ನಾನು ಒಪ್ಪಿದ್ದು ಬರೀ ಕರುಣೆಯಿಂದಲ್ಲ. ಮನೆಯಲ್ಲಿ ಎಷ್ಟು ರೊಟ್ಟಿ, ಎಷ್ಟು ಸೀರೆ, ತವರಿಗೆ ಹೋಗಿ ಎಷ್ಟು ದಿನವಾಯಿತು ಎಂಬುದೆಲ್ಲ ಇವರಿಗೆ ಗೊತ್ತಿರುತ್ತಿತ್ತು. ಇವರು ಕೆಟ್ಟವರಲ್ಲ, ಒಂದು ದಿನ ಕೈ ಎತ್ತಿದವರಲ್ಲ. ಆದರೂ ಮದುವೆಯಾದ ಮೇಲೆ ಮೊದಲ ಸಲ ಇವರ ಎಣಿಕೆಗೆ ಸಿಗದ ಸಂಗತಿಯೊಂದು ನನ್ನ ಕೈಯಲ್ಲಿತ್ತು. ಅದು ನನಗೆ ಹಿತವೆನಿಸಿತು. ಇದನ್ನು ಹೇಳದೆ ಮುಂದಿನದನ್ನು ಹೇಳುವುದು ಸರಿಯಲ್ಲ.

ಮಂಗಳೂರಿನಲ್ಲಿ ನಾನು ಹೆಂಗಸರ ಜೊತೆ ಮೊದಲೇ ಇಳಿದೆ. ಗುಡಿ, ಬಜಾರು ಸುತ್ತಿ ಸಂಜೆ ನಾಲ್ಕಕ್ಕೆ ಮರಳಿದೆವು. ಪಕ್ಕದ ಕ್ಯಾಬಿನ್ನಿನ ಬಾಗಿಲು ಮುಚ್ಚಿತ್ತು. ನಾನು ತಟ್ಟಲಿಲ್ಲ. ಖಾಲಿ ಕೋಣೆಯ ಬಾಗಿಲು ಏಕೆ ತಟ್ಟಬೇಕು? ಹೋದಳು, ಪಾರಾದಳು ಎಂದುಕೊಂಡೆ.

ಬೋಟು ದಡ ಬಿಟ್ಟ ಮೇಲೆ, ಚಹಾದ ಹೊತ್ತಿಗೆ, ಪವನ ಪಟ್ಟಿ ಹಿಡಿದು ಬಂದ.

“ಎಲ್ಲರೂ ಬಂದ್ರೇನ್ರಿ? ಮಸ್ಕಿ ಶಿವಕಾಂತಣ್ಣಾರ ಮನಿಯವ್ರು ಕಾಣವಲ್ರು?”

“ಮಲಗ್ಯಾಳ. ವಾಂತಿ ಆಗಾಕತ್ತಿತ್ತು. ಈಗ ನೋಡಿ ಬಂದೆ” ಎಂದೆ.

ನನ್ನ ಬೆನ್ನ ಹಿಂದಿನಿಂದ ಶಿವಕಾಂತನ ದನಿ ಬಂತು. “ಹೌದ್ರಿ. ಮಲಗ್ಯಾಳ. ಎಬ್ಬಿಸಬ್ಯಾಡ್ರಿ.”

ನಾನು ತಿರುಗಿ ನೋಡಿದೆ. ಅವನ ಕೈಯಲ್ಲಿ ಚಹಾದ ಲೋಟ ಅಲುಗದೆ ಇತ್ತು. ಹೆಂಡತಿ ಎಲ್ಲಿ ಎಂಬುದು ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆಂದು ನನ್ನ ಮಾತನ್ನೇ ಹಿಡಿದುಕೊಂಡ ಎಂದು ಭಾವಿಸಿದೆ. ಒಳಗೊಳಗೇ ನಗು ಕೂಡ ಬಂತು.

ಅಷ್ಟರಲ್ಲಿ ಇವರು ಕುರ್ಚಿ ಬಿಟ್ಟು ಎದ್ದರು.

“ಮೂವತ್ಮೂರು ಮಾರಿ ನೋಡೀನಿ. ಒಂದು ಬಾಯಿಮಾತಿನ ಮ್ಯಾಲ ಐತಿ. ಬಾಗಿಲು ತಗಸ್ರಿ, ನೋಡಿ ಬರ್ತೀನಿ.”

“ಅಣ್ಣಾರ, ಮಂದಿ ಹೆಂಡ್ರ ಮಾರಿ ನೋಡೂ ವಯಸ್ಸೇನ್ರಿ ಇದು?” ಎಂದು ಯಾರೋ ಕೂಗಿದರು. ನಗು ಎದ್ದಿತು. ಇವರು ನಗಲಿಲ್ಲ. ಕುಂಟುತ್ತ ಕ್ಯಾಬಿನ್ನಿನ ಕಡೆ ನಡೆದೇಬಿಟ್ಟರು. ಶಿವಕಾಂತ ಅವಸರವಿಲ್ಲದೆ ಹೋಗಿ ಓಣಿಯಂಥ ಆ ಜಾಗದಲ್ಲಿ ಅಡ್ಡ ನಿಂತ.

ಬಾಗಿಲು ತೆರೆದರೆ ಅಶ್ವಿನಿ ಇಲ್ಲವೆಂದು ಗೊತ್ತಾಗುತ್ತದೆ, ಬೋಟು ಇನ್ನೂ ಮಂಗಳೂರಿನ ಕಣ್ಣಳತೆಯಲ್ಲಿದೆ, ತಿರುಗಿಸಿ ಹೋಗಿ ಹಿಡಿಯುತ್ತಾರೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಇವರ ರಟ್ಟೆ ಹಿಡಿದು ಎಳೆದೆ.

“ರಿಟೈರ್ ಆದಾಗಿಂದ ಇವ್ರ ತಲಿ ನೆಟ್ಟಗಿಲ್ರಿ. ಮನ್ಯಾಗೂ ಹಿಂಗ ಮಾಡ್ತಾರ. ಯಾರೂ ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ಇವರು ನನ್ನನ್ನು ನೋಡಿದರು. “ನೀ ಕಣ್ಣಿಲೆ ನೋಡೀಯೇನು?” ಎಂದು ಮೆಲ್ಲಗೆ ಕೇಳಿದರು.

“ನೋಡೀನಿ. ಸುಮ್ಮ ಕೂಡ್ರಿ ಬರ್ರಿ.”

ಜೇಬಿನ ಶೇಂಗಾಗಳನ್ನೆಲ್ಲ ತೆಗೆದು ರೇಲಿಂಗಿನ ಆಚೆ ಚೆಲ್ಲಿ, ಇವರು ನಮ್ಮ ಕ್ಯಾಬಿನ್ನಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕೊಚ್ಚಿಯಲ್ಲಿ ಇಳಿಯುವಾಗ ಹಲಗೆಯ ಪಕ್ಕ ಯಾರೂ ಕೂತಿರಲಿಲ್ಲ. ಶಿವಕಾಂತ ಪವನನಿಗೆ, ಅಶ್ವಿನಿ ಎಲ್ಲರಿಗಿಂತ ಮುಂಚೆ ಇಳಿದಳು, ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದು ಬರುತ್ತಾಳೆ ಎಂದು ಹೇಳಿದ. ಅವಳು ಹೇಳಿದ್ದ ನರ್ಸ್ ಅಕ್ಕ ಇರುವುದು ಮಂಗಳೂರಿನಲ್ಲಿ. ಮಾನ ಉಳಿಸಿಕೊಳ್ಳಲು ಸುಳ್ಳು ಹೆಣೆಯುತ್ತಿದ್ದಾನೆ ಎಂದುಕೊಂಡೆ.

ಕಂಪನಿಯ ಬಸ್ಸು ಹುಬ್ಬಳ್ಳಿ ಹಾಯ್ದು ಲಿಂಗಸುಗೂರಿನವರನ್ನು ಇಳಿಸಿ ಮಸ್ಕಿಗೆ ಬಂತು. ಶಿವಕಾಂತ ತನ್ನ ಚೀಲ, ಅಶ್ವಿನಿಯ ಕೆಂಪು ಸೂಟ್‌ಕೇಸು ಎರಡನ್ನೂ ಇಳಿಸಿಕೊಂಡ. ಉಟ್ಟ ಸೀರೆಯಲ್ಲೇ ಹೋಗಿದ್ದಾಳೆ, ಎಂಥ ಧೈರ್ಯ ಎನಿಸಿತು ನನಗೆ. ಕಿಟಕಿಯ ಕೆಳಗೆ ಬಂದು ಅವನು ಕೈ ಮುಗಿದ.

“ಬರ್ತೀನ್ರಿ ಅಕ್ಕಾರ. ಭಾಳ ಉಪಕಾರ ಆತು.”

ಯಾವ ಉಪಕಾರ? ಬೋಟಿನಲ್ಲಿ ಊಟಕ್ಕೆ ಉಪ್ಪಿನಕಾಯಿ ಕೊಟ್ಟಿದ್ದೆ, ಅದಕ್ಕಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಎರಡು ದಿನ ಕಳೆಯಿತು, ಎಂಟಾಯಿತು, ಹದಿನೈದಾಯಿತು. ಅಶ್ವಿನಿಯ ಫೋನು ಬರಲಿಲ್ಲ. ಗೊತ್ತಿಲ್ಲದ ನಂಬರು ಕಂಡರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಇವರು ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಮರೆವಿಗೆ ಗುಳಿಗೆ ಕೇಳಿ ಬಂದರು. ಹೇಳಿಬಿಡಬೇಕು ಎಂದು ದಿನಾ ಬಾಯಿ ತೆರೆಯುತ್ತಿದ್ದೆ. ಕೊಟ್ಟ ಮಾತು ನೆನಪಾಗಿ ಮುಚ್ಚುತ್ತಿದ್ದೆ.

ಹತ್ತೊಂಬತ್ತನೆಯ ದಿನ ಮುಂಜಾನೆ ಹನ್ನೊಂದರ ಸುಮಾರಿಗೆ ಶಿವಕಾಂತ ಮನೆಗೆ ಬಂದ. ಕೈಯಲ್ಲಿ ಸೇಬಿನ ಹಣ್ಣಿನ ಚೀಲ.

“ಅಣ್ಣಾರು ಹ್ಯಾಂಗದಾರ? ತಲಿ ಈಗ ಬರೋಬ್ಬರಿ ಐತೇನ್ರಿ?” ಎಂದ.

ಚಹಾ ಕುಡಿಯುತ್ತ ನನಗೆ ಹೇಳಿದ. “ನಿಮ್ಮ ಮುಂದ ಏನು ಮುಚ್ಚೂದು ಅಕ್ಕಾರ. ಆಕಿ ಕೊಚ್ಚಿಯೊಳಗ ಇಳದಾಕಿ ನನಗ ಹೇಳದ ಹೋಗ್ಯಾಳ. ನಾಕು ಮಂದ್ಯಾಗ ನಾಚಿಗಿ ಆಗಿ ಅಕ್ಕನ ಮನಿ ಅಂದೆ. ಬಳಗಾನೂರಿನ ಅತ್ತಿ ಮಾವ ನನ್ನ ಮ್ಯಾಲ ಶಕ್ ಮಾಡಾಕತ್ತಾರ. ನಾಳೆ ನಿಮ್ಮ ಹತ್ರ ಬರಬಹುದು. ಮಂಗಳೂರು ಬಿಟ್ಟ ಮ್ಯಾಲೂ ಆಕಿ ಬೋಟ್‌ನ್ಯಾಗ ಇದ್ದಿದ್ದು ನೋಡಿದವ್ರು ನೀವೊಬ್ರ. ಅವತ್ತು ಹೇಳಿದ್ದ ಹೇಳ್ರಿ. ಸಾಕು.”

“ಆಗಲಿ” ಎಂದೆ. ಮಂಗಳೂರಿನ ಸಂಗತಿ ಇವನಿಗೆ ಇನ್ನೂ ತಿಳಿದಿಲ್ಲ, ಗುಟ್ಟು ಉಳಿಯಿತು ಎಂಬ ಸಮಾಧಾನವೇ ನನಗೆ ಮೊದಲು ಬಂದದ್ದು.

ಅವನ ಬೈಕಿನ ಸದ್ದು ದೂರವಾದ ಮೇಲೆ, ಲೋಟ ತೊಳೆಯುವಾಗ, ಕೈ ನಿಂತಿತು. ಅವನು ಅರ್ಧ ತಾಸು ಕೂತಿದ್ದ. ನಿಮಗೇನಾದರೂ ಹೇಳಿದ್ದಳೇ, ಎಲ್ಲಿ ಹೋಗಿರಬಹುದು, ಫೋನು ಮಾಡಿದಳೇ ಎಂದು ಒಂದು ಮಾತೂ ಕೇಳಲಿಲ್ಲ. ಮಂಗಳೂರು ಬಿಟ್ಟ ಆ ರಾತ್ರಿಯಿಡೀ ಅವನು ಅದೇ ಕೋಣೆಯಲ್ಲಿದ್ದ. ಹೆಂಡತಿ ಇಲ್ಲದ್ದು ಅವನಿಗೆ ತಿಳಿಯದೆ ಇರುತ್ತದೆಯೆ?

ಪಡಸಾಲೆಗೆ ಬಂದೆ. ಇವರು ಅಂಗೈ ನೋಡುತ್ತ ಕೂತಿದ್ದರು. ಇನ್ನು ತಡೆಯಲಾಗಲಿಲ್ಲ. ಕೆಳಗೆ ಕೂತು ಹೇಳಿಬಿಟ್ಟೆ.

“ನಿಮ್ಮ ತಲಿ ನೆಟ್ಟಗೈತ್ರಿ. ಅವತ್ತು ಆಕೀನ ನಾ ನೋಡಿರಲಿಲ್ಲ. ಆಕಿ ಕ್ಯಾಬಿನ್ನಾಗ ಇರಲೇ ಇಲ್ಲ. ಮಂಗಳೂರಾಗ ಇಳದು ಹೋಗ್ಯಾಳ. ಆಕೀಗೆ ಮಾತು ಕೊಟ್ಟಿದ್ದೆ.”

ಇವರು ತಲೆ ಎತ್ತಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಇಳದಿಲ್ಲ” ಎಂದರು.

“ಕಡೀಕ ಇಳದಿರಬೇಕ್ರಿ.”

“ಹಲಗಿ ತಗಿಯೂತನ ನಾ ಎದ್ದಿಲ್ಲ. ಇಪ್ಪತ್ತಾರು ಮಂದಿ ಇಳದ್ರು, ಇಪ್ಪತ್ತಾರು ಮಂದಿ ಹತ್ತಿದ್ರು. ಬೋಟ್‌ನ್ಯಾಗ ಉಳದವ್ರು ಎಂಟು. ಅದರಾಗ ನಾನೊಬ್ಬ, ಆ ಶಿವಕಾಂತ ಒಬ್ಬ, ಆ ಹುಡುಗಿ ಒಬ್ಬಾಕಿ. ಆಕಿ ಇಳದಿಲ್ಲ ಅನ್ನೂದು ನನಗ ಗೊತ್ತಿತ್ತು. ಅದಕ್ಕ ನೀ ನೋಡೀನಿ ಅಂದಾಗ ನಂಬಿದೆ.”

“ನೀವು ಕಣ್ಣು ಮುಚ್ಚಿರಬೇಕು. ತೂಕಡಿಕಿ ಬಂದಿರಬೇಕು. ಒಂದು ಶೇಂಗಾ ತಪ್ಪಿರಬೇಕು” ಎಂದೆ. ನನ್ನ ದನಿ ಏರಿತ್ತು. “ನಿಮಗ ಮರವು ಐತ್ರಿ, ಡಾಕ್ಟರ್ ಹತ್ರ ಹೋಗೀರಿ! ತಪ್ಪೀರಿ ಅನ್ರಿ!”

ಹತ್ತೊಂಬತ್ತು ದಿನ ಯಾವುದಕ್ಕಾಗಿ ಮರುಗಿದ್ದೆನೋ, ಅದೇ ನಿಜವಾಗಲಿ ಎಂದು ಈಗ ಬೇಡುತ್ತಿದ್ದೆ. ಇವರ ತಲೆ ಕೆಟ್ಟಿರಲಿ, ಲೆಕ್ಕ ತಪ್ಪಿರಲಿ, ಆ ಹುಡುಗಿ ಮಂಗಳೂರಿನ ಯಾವುದೋ ಬೀದಿಯಲ್ಲಿ ತರಕಾರಿ ಕೊಳ್ಳುತ್ತಿರಲಿ. ಇವರು ನನ್ನ ತಲೆಯ ಮೇಲೆ ಕೈ ಇಟ್ಟರು, ಅಷ್ಟೇ. ತಪ್ಪಿದೆ ಎನ್ನಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಂಗಿ ಹಾಕಿಕೊಂಡು “ನಡಿ” ಎಂದರು. “ಅವ್ರು ಬರೂತನ ಕುಂದ್ರೂದು ಬ್ಯಾಡ. ಮೊದ್ಲ ತಾಯಿಗಿ ಹೇಳೂಣು. ಆಮ್ಯಾಲ ಅವ್ರನ್ನ ಕರ್ಕೊಂಡು ಠಾಣಾಕ್ಕ.”

ಬಳಗಾನೂರಿನ ಬಸ್ಸು ಹತ್ತಿದೆವು. ಎರಡೂ ಕಡೆ ಗದ್ದೆಗಳಲ್ಲಿ ನೀರು ನಿಂತಿತ್ತು, ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ನಾನು ಆ ಕಡೆ ನೋಡದೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ. ಆ ಮಧ್ಯಾಹ್ನ, ನಾನು ಬಜಾರಿನಲ್ಲಿ ಬಳೆ ಆರಿಸುತ್ತಿದ್ದಾಗ, ಆ ಬೋಟಿನಲ್ಲಿ ಎಂಟು ಜನರಿದ್ದರು. ನಾನು ಮರಳಿ ಬಂದಾಗ ಏಳು. ಇಲ್ಲ, ಆಗಲೂ ಎಂಟಿದ್ದಿರಬಹುದು. ನಾನು “ನೋಡಿ ಬಂದೆ” ಎನ್ನುವಾಗ ಆ ಮುಚ್ಚಿದ ಬಾಗಿಲ ಹಿಂದೆ ಅವಳು ಇದ್ದಿರಬಹುದು. ಇವರು ಬಾಗಿಲು ತೆಗೆಸಿ ಎಂದಾಗಲೂ ಇದ್ದಿರಬಹುದು.

ಅಶ್ವಿನಿಯ ತವರು ಬಸ್ ನಿಲ್ದಾಣದ ಹಿಂದೆಯೇ. ತಾಯಿ ಶೇಖರಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಯಾರೆಂದು ಇವರು ಹೇಳುತ್ತಿದ್ದಂತೆ ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು.

“ನೀವ ಏನ್ರಿ ಆ ಅಕ್ಕಾರು? ನಾವ ನಾಳೆ ಬರಾವ್ರಿದ್ವಿ. ಅಳಿಯಂದು ನನಗ ಒಂದ ಮಾತೂ ನಂಬಿಗಿ ಇಲ್ರಿ. ಆದ್ರ ನೀವು ಕಣ್ಣಾರೆ ನೋಡೀರಿ, ನಮ್ಮ ಹುಡುಗಿ ಆರಾಮ ಮಲಗಿದ್ಲು ಅಂತ ಪವನ ಅವ್ರೂ ಹೇಳಿದ್ರು. ಅದೊಂದ ಮಾತಿನ ಮ್ಯಾಲ ಇಷ್ಟು ದಿನ ಅನ್ನ ಉಂಡೀನಿ.” ಒಳಗೆ ತಿರುಗಿ ನೀರು ತರಲು ಕೂಗಿ, ಮತ್ತೆ ನನ್ನ ಮುಖ ನೋಡಿದರು. “ಹೇಳ್ರಿ ಅಕ್ಕಾರ, ಯಾ ಮಗ್ಗಲಿಗೆ ಮಲಗಿದ್ಲು? ಹೊದ್ಕೊಂಡಿದ್ಲೇನ್ರಿ?”

ಇವರು ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಬದಲು ಇವರು ಹೇಳಲಾರರು ಎಂಬುದು ನನಗೆ ಗೊತ್ತಿತ್ತು.

“ನಾ ನೋಡಿಲ್ಲವ್ವ” ಎಂದೆ. “ನಾ ಬಾಗಿಲು ತಗದ ನೋಡಿಲ್ಲ.”