ಭಜನೆಯ ಚೀಟಿ ಅಂಟಿಸಿದ ಕ್ಯಾಸೆಟ್

ಇಚಲಕರಂಜಿಯ ಅಭಯಕುಮಾರನಿಗೆ ಐವತ್ತು ಹತ್ತಿರ ಬಂದರೂ ಕಪಾಟಿನಲ್ಲಿ ಒಂದು ಗುಟ್ಟು ಹಾಗೇ ಉಳಿದಿತ್ತು: ಡೆತ್ ಮೆಟಲ್ ಹಾಡುಗಳ ಒಂದು ಕ್ಯಾಸೆಟ್. ಹಾಡುವವನು ಹಾಡುತ್ತಿದ್ದಾನೋ ಹೊಟ್ಟೆನೋವಿಗೆ ನರಳುತ್ತಿದ್ದಾನೋ ತಿಳಿಯದಂಥ ಸಂಗೀತ. ಹೊದಿಕೆಯ ಮೇಲೆ ಎದೆಗೂಡು ತೆರೆದು ನಿಂತ ಅಸ್ಥಿಪಂಜರ. ಇರುವೆ ಕಂಡರೂ ಪಕ್ಕಕ್ಕೆ ಸರಿದು ನಡೆಯುವ ತಾಯಿ ಚಂಪಾಬಾಯಿಯ ಕಣ್ಣಿಗೆ ಅದು ಬಿದ್ದರೆ ಗತಿಯೇನು? ಅದಕ್ಕೇ ಕಾಲೇಜಿನ ದಿನಗಳಲ್ಲೇ ಅದರ ಮೇಲೆ ‘ಜಿನ ಭಜನೆಗಳು’ ಎಂಬ ಚೀಟಿ ಅಂಟಿಸಿಬಿಟ್ಟಿದ್ದ ಭೂಪ.

ಕೊಲ್ಹಾಪುರದಲ್ಲಿ ಓದುವಾಗ ಮಹಾಗಾಂವದ ಸಿದ್ರಾಮ ಗೆಳೆಯನಾದದ್ದು ಇದೇ ಕ್ಯಾಸೆಟ್ಟಿನಿಂದ. ರಂಕಾಳ ಕೆರೆಯ ಕಟ್ಟೆ, ಒಂದೇ ವಾಕ್‌ಮನ್, ಇಬ್ಬರಿಗೆ ಒಂದೊಂದು ಕಿವಿ. ಆಮೇಲೆ ಇವನು ಮಗ್ಗಗಳ ಪಾಲಾದ, ಅವನು ಕಬ್ಬಿನ ಪಾಲಾದ. ಅಂಥ ಗೆಳೆತನ ಈಗ ಹಬ್ಬಕ್ಕೊಮ್ಮೆ ಮೊಬೈಲಿನಲ್ಲಿ ದೀಪದ ಚಿತ್ರ ಕಳಿಸುವಷ್ಟಕ್ಕೆ ಬಂದು ನಿಂತಿತ್ತು.

ಹಾಗಿರುವಾಗ ಸಿದ್ರಾಮನ ಫೋನು ಬಂತು. “ಅಭಯಾ, ಗಡಹಿಂಗ್ಲಜದಾಗ ನಮ್ಮ ಹಳೇ ಟೇಪ್ ರಿಪೇರಿ ಮಾಡಿಸೇನಿ. ಆ ಕ್ಯಾಸೆಟ್ ಐತಿಲ್ಲೋ? ಐತವಾರ ಬರ್ತೀನಿ. ಈಗೂ ಆವಾಗಿನಂಗ ಅನಸ್ತೈತೇನು, ನೋಡೂನು.”

ಅಭಯಕುಮಾರನಿಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ನೂಲಿನ ಮಾತು ಸಿದ್ರಾಮನಿಗೆ ಬೇಡ, ಕಬ್ಬಿನ ಮಾತು ಇವನಿಗೆ ಬೇಡ. ಇಬ್ಬರ ನಡುವೆ ಉಳಿದದ್ದು ಆ ಕ್ಯಾಸೆಟ್ ಒಂದೇ. ಅದೂ ಟೊಳ್ಳು ಎಂದಾದರೆ ಮತ್ತೆ ಯಾವ ನೆವಕ್ಕೆ ಸೇರುವುದು?

ಭಾನುವಾರ ಮಧ್ಯಾಹ್ನ, ತಾಯಿ ಒಳಗೆ ಜಪಕ್ಕೆ ಕೂತಿದ್ದಾಗ, ಪಡಸಾಲೆಯಲ್ಲಿ ಸಿದ್ರಾಮ ತಂದ ಟೇಪ್ ತಿರುಗಿತು. ಮೊದಲ ಹಾಡು ಮುಗಿಯುವಷ್ಟರಲ್ಲೇ ಅಭಯಕುಮಾರನ ಎದೆ ಕುಸಿಯಿತು. ಅಂದು ಮೈ ಜುಮ್ಮೆನಿಸಿದ ಡ್ರಮ್ಮು ಈಗ ಯಾರೋ ಖಾಲಿ ಡಬ್ಬಿ ಬಡಿದಂತಿತ್ತು. ಅವಲಕ್ಕಿ ತಂದಿಟ್ಟ ಹೆಂಡತಿ ಮಂಗಲ, “ಮಿಕ್ಸರ್ ಕೆಟ್ಟೈತೇನ್ರಿ?” ಎಂದು ಕೇಳಿ ಒಳಗೆ ಹೋದಳು.

“ಚಲೋ ಐತಿ,” ಎಂದ ಸಿದ್ರಾಮ, ಗೋಡೆ ನೋಡುತ್ತ.

“ಮಸ್ತ್ ಐತಿ,” ಎಂದ ಅಭಯಕುಮಾರ, ಅವಲಕ್ಕಿ ನೋಡುತ್ತ.

ಎರಡನೇ ಹಾಡು ಅರ್ಧಕ್ಕೆ ಬಂದಾಗ ಸಿದ್ರಾಮ ಗಡಿಯಾರದತ್ತ ಕಣ್ಣು ಹಾಯಿಸಿ, “ಬಸ್ಸಿಗೆ ಭಾಳ ಗದ್ದಲ ಇರ್ತೈತೋ, ಲಗೂನ ಹೊಂಡ್ತೀನಿ,” ಎಂದು ಎದ್ದ. ಅಭಯಕುಮಾರನಿಗೆ ಕೂರು ಎನ್ನಲು ಒಂದು ಕಾರಣವೂ ಹೊಳೆಯಲಿಲ್ಲ.

ಅಷ್ಟರಲ್ಲಿ ಜಪಮಾಲೆ ಹಿಡಿದ ಚಂಪಾಬಾಯಿ ಬಾಗಿಲಿಗೆ ಬಂದರು. “ಅಂವ ಯಾಕ ಅಷ್ಟ ಒದರಾಕತ್ತಾನ? ಏನ ಆಗೇತಿ ಅವಗ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ತಲೆ ಕುಣಿಸಿದ್ದೇ ಬಂತು, ಹಾಡುವವನ ಸಂಕಟ ಏನೆಂದು ಒಬ್ಬರೂ ಕೇಳಿದವರಲ್ಲ. ಸಿದ್ರಾಮ ಮೊಬೈಲಿನಲ್ಲಿ ಹಾಡಿನ ಸಾಲು ಹುಡುಕಿದ. ಓದುತ್ತ ಓದುತ್ತ ಅವನ ಕಿವಿ ಕೆಂಪಾದವು.

“ಸತ್ತ ಮ್ಯಾಲೆ ಮೈತುಂಬ ಹುಳ ಬೀಳ್ತಾವ ಅಂತಾನ್ರಿ ಅವ್ವಾರ. ತೊಗಲು ಕೊಳೀತೈತಿ, ಎಲುಬ ಅಷ್ಟ ಉಳೀತೈತಿ. ರಾಜಾ ಇದ್ರೂ ಅದ ಗತಿ ಅಂತ.”

ಬೈಗುಳಕ್ಕೆ ಕಾದು ಅಭಯಕುಮಾರ ತಲೆ ತಗ್ಗಿಸಿದ. ಚಂಪಾಬಾಯಿ ಮಾತ್ರ ಕುರ್ಚಿ ಎಳೆದುಕೊಂಡು ಕೂತರು.

“ಖರೇನ ಹೇಳಾಕತ್ತಾನಲ್ಲೋ! ಇದು ನಮ್ಮ ಧರ್ಮದಾಗಿನ ಅಶುಚಿ ಭಾವನೆ. ಈ ದೇಹ ಹೇಸಿಗೀ ಚೀಲ, ಇದರ ಮ್ಯಾಲೆ ಮೋಹ ಬ್ಯಾಡ ಅಂತ ನಾನೂ ದಿನಾ ಬಸದ್ಯಾಗ ಚಿಂತನ ಮಾಡ್ತೀನಿ. ನಾ ಸಾವಕಾಶ ಹೇಳ್ತೀನಿ, ಅಂವ ಒದರ್ತಾನ. ಅಷ್ಟ ಫರಕ. ಕೂಡೋ ಸಿದ್ರಾಮ, ಮುಂದಿಂದು ಹಚ್ಚು.”

ಸಿದ್ರಾಮ ಕೂತ. ಆಮೇಲೆ ನಡೆದದ್ದು ಪರೀಕ್ಷೆಯೇ. ಒಂದೊಂದು ಹಾಡಿಗೂ ಟೇಪ್ ನಿಲ್ಲಿಸಬೇಕು, ಸಿದ್ರಾಮ ಅರ್ಥ ಹೇಳಬೇಕು, ಚಂಪಾಬಾಯಿ ತೀರ್ಪು ಕೊಡಬೇಕು. ಸ್ಮಶಾನದ ಹಾಡು ಪಾಸಾಯಿತು. ಕೊಡಲಿಯಿಂದ ಕಡಿಯುವ ಹಾಡು, “ಹಿಂಸಾ ಐತಿ, ಬ್ಯಾಡ,” ಎಂದು ನಪಾಸಾಯಿತು. ಹಾಡುಗಾರನಿಗೆ ಗಂಟಲು ಹಸನಾಗಲು ಜ್ಯೇಷ್ಠಮಧು ಅಗಿಯುವ ಸಲಹೆಯೂ ಸಿಕ್ಕಿತು. ಗೆಳೆಯರಿಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ರಂಕಾಳದ ಕಟ್ಟೆಯ ಮೇಲೂ ಅವರು ಹಾಗೆ ನಕ್ಕಿದ್ದಿಲ್ಲ. ಕ್ಯಾಸೆಟ್ಟಿನ ಡಬ್ಬಿಯನ್ನು ತಿರುಗಿಸಿ ಚೀಟಿ ಓದಿದ ಚಂಪಾಬಾಯಿ, “ಹೆಸರೂ ಬರೋಬ್ಬರಿ ಐತಿ,” ಎಂದರು. ಅಭಯಕುಮಾರ ಕೆಮ್ಮಿದ.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟವಾಗಬೇಕಲ್ಲ, ಮಂಗಲ ತಟ್ಟೆ ಹಾಕಿದಳು. ಸಿದ್ರಾಮ ಬಸ್ಸಿನ ಮಾತೆತ್ತದೆ ರೊಟ್ಟಿಯ ಮೇಲೆ ರೊಟ್ಟಿ ಉಂಡ. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಹಾಗೇ ಉಳಿಯಿತು.

“ಉಳಿದದ್ದು ಬರೂ ಐತವಾರ,” ಎಂದರು ಚಂಪಾಬಾಯಿ. “ನೀನ ಬಂದು ಹೇಳಬೇಕ ಮತ್ತ. ಇವಗೇನೂ ತಿಳಿಯೂದಿಲ್ಲ.”

“ಬರ್ತೀನ್ರಿ ಅವ್ವಾರ.” ಟೇಪನ್ನು ಅವನು ಅಲ್ಲೇ ಬಿಟ್ಟ.

ಬಸ್ ನಿಲ್ದಾಣದಲ್ಲಿ ಸಿದ್ರಾಮ ಇವನ ಹೆಗಲ ಮೇಲೆ ಕೈಹಾಕಿ ದನಿ ತಗ್ಗಿಸಿದ. “ಅಭಯಾ, ಖರೆ ಹೇಳ್ಲ್ಯಾ? ಕ್ಯಾಸೆಟ್ ಅಷ್ಟೇನ ಚಲೋ ಇಲ್ಲೋ.”

“ಗೊತ್ತೈತಿ,” ಎಂದ ಅಭಯಕುಮಾರ. “ಐತವಾರ ಲಗೂನ ಬಾ.”