ಡಾಕ್ಟರ ಕೋಣೆಗೆ ಒಬ್ಬೊಬ್ಬರೇ

ನಮ್ಮೂರು ಚೋನ್‌ಬುಲಾಕ್‌ನಲ್ಲಿ ಸೊಸೆ ಒಬ್ಬಳೇ ಆಸ್ಪತ್ರೆಗೆ ಹೋಗುವುದಿಲ್ಲ. ಜೊತೆಗೆ ಅತ್ತೆ ಹೋಗುತ್ತಾಳೆ. ಡಾಕ್ಟರು ಸೊಸೆಯನ್ನು ಕೇಳುತ್ತಾರೆ, ಅತ್ತೆ ಉತ್ತರ ಹೇಳುತ್ತಾಳೆ. ಹಿರಿಯರ ಎದುರು ಸೊಸೆ ಬಾಯಿ ತೆರೆಯಬಾರದು. ತಲೆನೋವು ಎಡಕ್ಕೋ ಬಲಕ್ಕೋ ಎನ್ನುವುದನ್ನೂ ಅತ್ತೆಯೇ ಹೇಳಬೇಕು. ಇದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ಜಿಬೆಕ್ ಎಂಬ ಸೊಸೆಯೂ ಹಾಗೆಯೇ ಬಂದಳು. ಅವಳ ಮಣಿಕಟ್ಟು ಊದಿಕೊಂಡಿತ್ತು. ಹಾಲು ಕರೆಯುವಾಗ ಹಸು ಒದೆಯಿತು ಎಂದು ಅತ್ತೆ ಬಾತ್ಮಾ ಹೇಳಿದರು. ನಮ್ಮ ಡಾಕ್ಟರ್ ಮೆಡೆರ್ ಪಟ್ಟಿ ಕಟ್ಟಿದರು. ಹಸು ಒದ್ದರೆ ಕೈಮೇಲೆ ಬೆರಳಿನ ಗುರುತು ಮೂಡುವುದಿಲ್ಲ ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಒಳ್ಳೆಯ ಮನುಷ್ಯ, ಸುಮ್ಮನಿರಲಾರದೆ ಹೋದರು. ಆದರೆ ಮಾಡಿದ್ದು ಮಾತ್ರ ತಪ್ಪು.

ಜಿಬೆಕ್‌ಳ ಗಂಡನನ್ನು ಆಸ್ಪತ್ರೆಗೆ ಕರೆಸಿ ಗದರಿಸಿದರು. ಕೈಯಲ್ಲಿ ರೊಟ್ಟಿ ಹಿಡಿಸಿ, ಇನ್ನು ಮುಂದೆ ಕೈ ಎತ್ತುವುದಿಲ್ಲ ಎಂದು ಹೆಂಡತಿಯ ಎದುರಿಗೇ ಆಣೆ ಮಾಡಿಸಿದರು. ಮಾತು ತಪ್ಪಿದವನನ್ನು ರೊಟ್ಟಿಯೇ ಹೊಡೆಯುತ್ತದೆ ಎನ್ನುವುದು ನಮ್ಮ ಹಿರಿಯರ ನಂಬಿಕೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಇನ್ನೆಲ್ಲ ಸರಿಹೋಯಿತು ಎಂದು ಮೆಡೆರ್ ನೆಮ್ಮದಿಯಾಗಿ ಚಹಾ ಕುಡಿದರು. ರೊಟ್ಟಿ ಅವನನ್ನು ಹೊಡೆಯಲಿಲ್ಲ. ಅವನು ಜಿಬೆಕ್‌ಳನ್ನು ಹೊಡೆದ. ಮನೆಯ ಮಾತನ್ನು ಡಾಕ್ಟರ ಕಿವಿಗೆ ಹಾಕಿದೆಯಾ ಎಂದು ಕೇಳಿ ಕೇಳಿ ಹೊಡೆದ. ಆ ಪಾಪದ ಹುಡುಗಿ ಯಾರ ಕಿವಿಗೂ ಏನನ್ನೂ ಹಾಕಿರಲಿಲ್ಲ.

ಆ ಸಮಯಕ್ಕೆ ಡಾಕ್ಟರ್ ದಾಮಿರಾ ನಮ್ಮೂರಿಗೆ ಬಂದರು. ಅವರು ಜಿಲ್ಲಾ ಆಸ್ಪತ್ರೆಯವರು, ಮೆಡೆರ್ ಜೊತೆಗೇ ಓದಿದವರು. ಹೊಡೆತ ತಿಂದು ಬರುವವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಡಾಕ್ಟರು, ನರ್ಸುಗಳಿಗೆ ತರಬೇತಿ ಇದೆ, ನೀನೂ ಬಾ ಎಂದು ಕರೆದರು. ಮೆಡೆರ್ ನಕ್ಕುಬಿಟ್ಟರು.

"ಗಡ್ಡ ಬೆಳ್ಳಗಾದ್ಮೇಲೆ ನನ್ನ ಬೆಂಚ್ ಮೇಲೆ ಕೂರಿಸ್ತೀಯಾ ದಾಮಿರಾ? ಮುರಿದ ಕೈ ಕಟ್ಟೋದನ್ನ ಇನ್ಮೇಲೆ ಕಲೀಬೇಕಾ ನಾನು?"

"ಕೈ ಕಟ್ಟೋದು ನಿಂಗೆ ಬರುತ್ತೆ. ಬಾಯಿ ಕಟ್ಟೋದೂ ಚೆನ್ನಾಗೇ ಬರುತ್ತೆ ಅಂತ ಕೇಳ್ದೆ" ಎಂದರು ದಾಮಿರಾ. ರೊಟ್ಟಿ ಆಣೆಯ ಸುದ್ದಿ ಜಿಲ್ಲೆಯ ತನಕ ಹೋಗಿತ್ತು. "ಆಣೆ ಆದ್ಮೇಲೆ ಆ ಹುಡುಗಿ ಮತ್ತೆ ಬಂದಿದ್ಲಾ?"

"ಇಲ್ಲ. ಎಲ್ಲಾ ಸರಿಹೋಗಿದೆ, ಅದಕ್ಕೇ ಬಂದಿಲ್ಲ."

"ಇಲ್ಲ ಮೆಡೆರ್. ನಿನ್ನ ಹತ್ರ ಬಂದ್ರೆ ಹೊಡೆತ ಜಾಸ್ತಿ ಬೀಳುತ್ತೆ ಅಂತ ಅವಳಿಗೆ ಗೊತ್ತಾಗಿದೆ. ಅದಕ್ಕೇ ಬಂದಿಲ್ಲ."

ಮೆಡೆರ್ ಮರುವಾರ ತರಬೇತಿಗೆ ಹೋದರು.

ಅಲ್ಲಿ ಅವರ ತಲೆಗೆ ಸ್ಕಾರ್ಫ್ ಕಟ್ಟಿ ಸೊಸೆಯಾಗಿ ಕೂರಿಸಿದರಂತೆ. ಒಬ್ಬ ನರ್ಸ್ ಅತ್ತೆಯಾದಳು. ಡಾಕ್ಟರು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು, ಸೊಸೆ ತುಟಿ ಬಿಚ್ಚುವಂತಿಲ್ಲ. ಮೊದಲು ಎಲ್ಲರೂ ನಕ್ಕರು, ಮೆಡೆರ್ ಕೂಡ. ಆಮೇಲೆ ಅವರಿಗೆ ಸಿಟ್ಟು ಬಂತು, ಕಡೆಗೆ ಭಯವಾಯಿತು. ಆ ಭಯವೇ ಅವರಿಗೆ ಕಲಿಸಿತು. ಬಂದವಳನ್ನು ಒಬ್ಬಳೇ ಇರುವಾಗ ಮಾತಾಡಿಸಬೇಕು, ಹೇಳಿದ್ದನ್ನು ನಂಬಬೇಕು, ರಾಜಿ ಮಾಡಿಸಲು ಹೋಗಬಾರದು, ಅವಳು ಒಪ್ಪದೆ ಅವಳ ಮಾತು ಕೋಣೆಯಿಂದ ಹೊರಗೆ ಹೋಗಬಾರದು. ಕತ್ತು ಹಿಸುಕಿದ್ದರೆ ಚರ್ಮದ ಮೇಲೆ ಗುರುತಿಲ್ಲದಿದ್ದರೂ ಅದು ಪ್ರಾಣಕ್ಕೆ ಅಪಾಯ ಎನ್ನುವುದು ಇಷ್ಟು ವರ್ಷ ಡಾಕ್ಟರಾಗಿದ್ದರೂ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ.

ಊರಿಗೆ ಬಂದವರೇ ಹೊಸ ನಿಯಮ ಮಾಡಿದರು. ಯಾರೇ ಬರಲಿ, ಗಂಡಸಾಗಲಿ ಹೆಂಗಸಾಗಲಿ, ಕೋಣೆಗೆ ಮೊದಲು ಒಬ್ಬೊಬ್ಬರೇ. ಮೆಡೆರ್‌ಗೆ ಪಟ್ಟಣದ ಗಾಳಿ ಬಡಿಯಿತು ಎಂದು ಊರು ಆಡಿಕೊಂಡಿತು. ಆದರೆ ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರ ಮೇಲೂ ಅನುಮಾನ ಬರಲಿಲ್ಲ.

ಚಳಿಗಾಲದಲ್ಲಿ ಜಿಬೆಕ್ ಮತ್ತೆ ಬಂದಳು. ಶೀತಗಾಳಿಗೆ ಗಂಟಲು ಕಟ್ಟಿದೆ ಎಂದರು ಬಾತ್ಮಾ. ಮೆಡೆರ್ ಅವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಯಾರು, ಏಕೆ ಎಂದು ಕೇಳಲಿಲ್ಲ. ಮನೆಯಲ್ಲಿ ಭಯವಾಗುತ್ತದೆಯೇ ಎಂದಷ್ಟೇ ಕೇಳಿ ಕಾದರು. ಜಿಬೆಕ್ ಕತ್ತಿನ ಸ್ಕಾರ್ಫ್ ಸಡಿಲಿಸಿದಳು.

"ಬಾಯ್ಕೆ, ಅಣ್ಣಾ, ಅವನು ಹಿಸುಕ್ದಾಗ ಕಣ್ಣು ಕತ್ತಲೆ ಬಂತು. ಸತ್ತೇ ಹೋದೆ ಅನ್ಕೊಂಡೆ" ಎಂದಳು. ದನಿ ಹೊರಡುತ್ತಲೇ ಇರಲಿಲ್ಲ.

"ನಿನ್ನ ತಪ್ಪಿಲ್ಲ ತಂಗಿ. ಮೊದಲು ಕತ್ತನ್ನ ಜಿಲ್ಲಾ ಆಸ್ಪತ್ರೇಲಿ ತೋರಿಸ್ಬೇಕು, ಇವತ್ತೇ. ಅಲ್ಲಿ ಹೆಂಗಸರಿಗೆ ಇರೋಕೆ ಜಾಗಾನೂ ಇದೆ. ಆಮೇಲೆ ಏನು ಅಂತ ನೀನೇ ಹೇಳು, ಹಾಗೇ ಮಾಡೋಣ."

ಹೋಗುತ್ತೇನೆ ಎಂದಳು. ಅತ್ತೆ ಬಿಡಬೇಕಲ್ಲ ಎಂದು ಅತ್ತಳು.

ಆಮೇಲೆ ಬಾತ್ಮಾ ಅವರ ಸರದಿ. ನಿಯಮ ನಿಯಮವೇ. ಬಿಪಿ ನೋಡಿ, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಮೆಡೆರ್ ಅವರಿಗೂ ಕೇಳಿದರು. ಮನೆಯಲ್ಲಿ ಭಯವಾಗುತ್ತದೆಯೇ, ಯಾರಾದರೂ ನಿಮ್ಮನ್ನು ಹೊಡೆದಿದ್ದಾರೆಯೇ, ಯಾವತ್ತಾದರೂ?

ಬಾತ್ಮಾ ನಕ್ಕರು. ಈ ವಯಸ್ಸಿನಲ್ಲಿ ಮುದುಕಿಯನ್ನು ಯಾರು ಹೊಡೆಯುತ್ತಾರೆ ಎಂದರು. ನಗು ನಿಂತ ಮೇಲೆ ಕೈ ತಾನಾಗಿ ಎಡಗಿವಿಗೆ ಹೋಯಿತು. ಸತ್ತುಹೋದ ಗಂಡ ಹೊಡೆದ ಏಟಿಗೆ ಹೊಸ ಸೊಸೆಯಾಗಿದ್ದಾಗಲೇ ಆ ಕಿವಿ ಹೋಗಿತ್ತು. ಅದೇ ಕಿವಿಗೆ ಮೆಡೆರ್ ವರ್ಷಗಟ್ಟಲೆ ಹನಿ ಔಷಧಿ ಕೊಟ್ಟಿದ್ದರು. ಇದು ಹೇಗಾಯಿತು ಎಂದು ಅವರೂ ಕೇಳಿರಲಿಲ್ಲ, ಅವರಿಗಿಂತ ಮುಂಚೆ ಇದ್ದವರೂ ಕೇಳಿರಲಿಲ್ಲ.

"ಹುಡುಗಿ ಒಳಗೆ ಏನಂದ್ಲು ಅಂತ ನೀನು ನಂಗೆ ಹೇಳ್ಬೇಡ ಮೆಡೆರ್" ಎಂದರು ಬಾತ್ಮಾ. "ನಂಗೆ ಗೊತ್ತು. ಪಕ್ಕದ ಕೋಣೇಲಿ ಮಲಗೋಳು ನಾನು. ಕೇಳೋ ಕಿವೀನ ದಿಂಬಿಗೆ ಒತ್ಕೊಂಡು ಮಲಗ್ತೀನಿ."

ಗಂಟಲನ್ನು ಇವತ್ತೇ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬೇಕು, ಆಂಬುಲೆನ್ಸ್ ಕರೆಸುತ್ತೇನೆ ಎಂದಷ್ಟೇ ಮೆಡೆರ್ ಹೇಳಿದರು.

ಬಾತ್ಮಾ ಎದ್ದು ಹೊರಗೆ ಬಂದರು. ತಮ್ಮ ಉಣ್ಣೆಯ ಶಾಲನ್ನು ಜಿಬೆಕ್‌ಳಿಗೆ ಹೊದಿಸಿ, "ಹೋಗು. ಮಗ ಕೇಳಿದ್ರೆ ನಾನೇ ಕಳಿಸ್ದೆ ಅಂತೀನಿ" ಎಂದರು. ಆಂಬುಲೆನ್ಸ್ ಕಣ್ಮರೆಯಾಗುವ ತನಕ ಹಿಮದಲ್ಲಿ ನಿಂತಿದ್ದರು.

ಜಿಬೆಕ್ ಬದುಕಿ ಉಳಿದಳು. ಈಗ ತವರಿನಲ್ಲಿದ್ದಾಳೆ, ದನಿ ಮರಳಿದೆ. ಇದನ್ನು ಬರೆಯಲು ಅತ್ತೆ ಸೊಸೆ ಇಬ್ಬರೂ ಒಪ್ಪಿದ್ದಾರೆ. ಹೆಸರುಗಳನ್ನು ಬದಲಿಸಿದ್ದೇನೆ, ಊರಿನದನ್ನೂ.

ಡಾಕ್ಟರೇ, ನರ್ಸಕ್ಕ, ಸೂಲಗಿತ್ತಿ ಅಮ್ಮ, ತರಬೇತಿಗೆ ಕರೆದರೆ ಹೋಗಿ. ಅನುಭವವಿದೆ ಎಂದು ಬಿಡಬೇಡಿ, ಒಮ್ಮೆ ಹೋಗಿದ್ದೇನೆ ಎಂದೂ ಬಿಡಬೇಡಿ. ಮನೆಯವರೇ, ನಿಮ್ಮ ಸೊಸೆಯನ್ನು, ಮಗಳನ್ನು ಡಾಕ್ಟರ ಕೋಣೆಗೆ ಒಬ್ಬಳನ್ನೇ ಬಿಟ್ಟು ಹೊರಗೆ ಕುಳಿತುಕೊಳ್ಳಿ. ಏಟು ತಿನ್ನುತ್ತಿರುವ ತಾಯಿ, ತಪ್ಪು ನಿನ್ನದಲ್ಲ, ಕೇಳಿದಾಗ ಹೇಳು. ಬಾತ್ಮಾ ಅವರನ್ನು ಒಂದು ಮಾತು ಕೇಳಲು ನಮ್ಮೂರಿಗೆ ಒಂದು ಆಯುಷ್ಯವೇ ಹಿಡಿಯಿತು. ನಿಮ್ಮೂರಿನಲ್ಲಿ ಇವತ್ತೇ ಕೇಳಿ.